ಪುಟ್ಟಸ್ವಾಮಿ ಕಾಣೆಯಾದ ಬುಧವಾರ

ಕಳೆದ ಬುಧವಾರ ನಮ್ಮ ಮನೆಯಲ್ಲಿ ಪುಟ್ಟಸ್ವಾಮಿ ಕಾಣೆಯಾದ.

ಕಾರಣ ನಾನೇ. ಒಂದು ಕೈಯಲ್ಲಿ ಕಾಫಿ ಲೋಟ ಇತ್ತು, ಇನ್ನೊಂದು ಕೈಯಲ್ಲಿ ರಿಮೋಟ್‌ನಂಥ ಒಂದು ವಸ್ತು ಇತ್ತು. ಹೆಬ್ಬೆರಳಿನಲ್ಲಿ ಒಮ್ಮೆ ಒತ್ತಿದೆ. ಪುಟ್ಟಸ್ವಾಮಿ ಮುಗಿದುಹೋದ. ಕಾಫಿ ಒಂದು ಹನಿಯೂ ಚೆಲ್ಲಲಿಲ್ಲ.

ದಯವಿಟ್ಟು ಪೊಲೀಸರಿಗೆ ಫೋನ್ ಮಾಡಬೇಡಿ. ಪುಟ್ಟಸ್ವಾಮಿ ಮನುಷ್ಯನಲ್ಲ, ರೋಬೋ. ಅದೂ ನಿಜವಾದ ರೋಬೋ ಅಲ್ಲ, ವಿಡಿಯೋ ಗೇಮಿನೊಳಗಿನ ರೋಬೋ. ಒಂದು ಕಣ್ಣು ಮಿಣುಕುತ್ತಿರುತ್ತದೆ, ಎಡಗಾಲು ಎಳೆದುಕೊಂಡು ನಡೆಯುತ್ತಾನೆ. ಕಂಪನಿಯವರು ಅವನಿಗೆ ಇಟ್ಟಿದ್ದು ಯಾವುದೋ ಎರಡು ಇಂಗ್ಲಿಷ್ ಅಕ್ಷರ ಮತ್ತು ಒಂದು ನಂಬರು. ಪುಟ್ಟಸ್ವಾಮಿ ಎಂದು ನಾಮಕರಣ ಮಾಡಿದವರು ನಮ್ಮಪ್ಪ.

ಮೊದಲಿನಿಂದ ಹೇಳುತ್ತೇನೆ.

ನಮ್ಮ ಸಂಪಾದಕರಿಗೆ ಈಗ ಯುವ ಓದುಗರು ಬೇಕಂತೆ. (ನಿಮ್ಮನ್ನು ಮುದುಕರು ಅಂದದ್ದು ಅವರು, ನಾನಲ್ಲ.) ಒಂದು ದಿನ ಫೋನ್ ಮಾಡಿದರು.

"ಮೇಡಂ, ಹೊಸ ಗೇಮ್ ಬಂದಿದೆ. ಸೈ-ಫೈ, ಆ್ಯಕ್ಷನ್, ರೋಲ್ ಪ್ಲೇಯಿಂಗ್. ಟೀವಿ, ಲ್ಯಾಪ್‌ಟಾಪ್, ಮೊಬೈಲ್, ಮೂರರಲ್ಲೂ ಆಡಬಹುದು. ನೀವು ಮೂರರಲ್ಲೂ ಆಡಿ, ಯಾವುದರಲ್ಲಿ ಚೆನ್ನಾಗಿದೆ ಅಂತ ರಿವ್ಯೂ ಬರೆದುಕೊಡಿ."

"ಸಾರ್, ನಾನು ಬರೆಯೋದು ಬಸ್ಸು, ಬದನೆಕಾಯಿ, ಬಾಡಿಗೆಮನೆ ಬಗ್ಗೆ."

"ಅದಕ್ಕೇ ನೀವೇ ಬೇಕು ಮೇಡಂ. ಫ್ರೆಶ್ ಪರ್ಸ್‌ಪೆಕ್ಟಿವ್."

(ಬೇರೆ ಯಾರೂ ಒಪ್ಪಲಿಲ್ಲ ಎಂಬುದನ್ನು ಆಫೀಸಿನ ಭಾಷೆಯಲ್ಲಿ ಹೀಗೆ ಹೇಳುತ್ತಾರೆ.)

ಗೇಮಿನ ಹೆಸರು ಇಲ್ಲಿ ಬರೆಯುವುದಿಲ್ಲ. ಅದು ರಿವ್ಯೂ ಪುಟದಲ್ಲಿದೆ, ಬೇಕಾದವರು ಅಲ್ಲಿ ನೋಡಿಕೊಳ್ಳಿ. ಆಫೀಸಿನವರು ಟೀವಿಗೆ ಜೋಡಿಸುವ ಕನ್ಸೋಲ್ ಎಂಬ ಡಬ್ಬ ಕಳಿಸಿದರು, ಜೊತೆಗೆ ಒಂದು ಲಾಗಿನ್ ಕೊಟ್ಟರು. ಮೂರು ಮೆಷಿನ್ನಿಗೂ ಅದೊಂದೇ ಲಾಗಿನ್, ಆದರೆ ನಾವಾಗಿ ಕಳಿಸುವವರೆಗೆ ಒಂದೊಂದರ ಆಟ ಅದರದರಲ್ಲೇ ಇರುತ್ತದೆ. ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಕಾಫಿಯನ್ನೇ ಬೈ ಟು ಮಾಡಿ ಕುಡಿಯುವ ಊರು ನಮ್ಮದು, ಒಂದು ಗೇಮನ್ನು ಬೈ ತ್ರೀ ಮಾಡುವುದು ಯಾವ ಮಹಾ ಕೆಲಸ?

ಲ್ಯಾಪ್‌ಟಾಪ್ ನಾನು ಇಟ್ಟುಕೊಂಡೆ. ಮೊಬೈಲ್ ಪಾಲನ್ನು ಶಿವಲೀಲಾಗೆ ಕೊಟ್ಟೆ. ಗದಗ ಕಡೆಯ ಹುಡುಗಿ, ನಮ್ಮ ಮಹಡಿ ರೂಮಿನಲ್ಲಿ ಬಾಡಿಗೆಗಿದ್ದವಳು, ಈಗ ಬಿಟಿಎಂನಲ್ಲಿ ಪಿಜಿ ಸೇರಿದ್ದಾಳೆ. ಬಸ್ಸು ಹತ್ತಿದ ಕೂಡಲೇ ಗೇಮ್ ಓಪನ್ ಮಾಡುವುದು ಅವಳ ಅಭ್ಯಾಸ. ಇನ್ನು ಟೀವಿ. ಜಯನಗರದ ನಮ್ಮ ಮನೆಯಲ್ಲಿ ಇರುವುದು ನಾನು ಮತ್ತು ಅಪ್ಪ ಇಬ್ಬರೇ, ಟೀವಿ ಪೂರ್ತಿ ಅಪ್ಪನ ಆಳ್ವಿಕೆಯಲ್ಲಿದೆ. ಹಾಗಾಗಿ ಟೀವಿಯ ಮೌಲ್ಯಮಾಪನ ಅವರಿಗೇ ಹೋಯಿತು.

ಮೌಲ್ಯಮಾಪನ ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ಅಪ್ಪ ನೆಟ್ಟಗೆ ಕುಳಿತರು.

ನಮ್ಮಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದು ರಿಟೈರ್ ಆದವರು. ಪ್ರತಿ ಬೇಸಿಗೆಯಲ್ಲೂ ಎಸ್ಸೆಸ್ಸೆಲ್ಸಿ ಪೇಪರ್ ತಿದ್ದಲು ವ್ಯಾಲ್ಯುಯೇಶನ್ ಕ್ಯಾಂಪಿಗೆ ಹೋಗುತ್ತಿದ್ದರು. ಕ್ಯಾಂಪ್ ನಿಂತುಹೋಗಿದೆ, ತಿದ್ದುವುದು ನಿಂತಿಲ್ಲ. ನಾನು ಮಾಡಿದ ಉಪ್ಪಿಟ್ಟಿಗೂ ಮಾರ್ಕ್ಸ್ ಬೀಳುತ್ತದೆ. "ಒಗ್ಗರಣೆಗೆ ಫುಲ್ ಮಾರ್ಕ್ಸ್. ಉಪ್ಪು ಕಮ್ಮಿ, ಅರ್ಧ ಕಟ್. ನಿಂಬೆಹಣ್ಣು ಮರ್ತಿದ್ದೀಯ, ಆದ್ರೂ ಸ್ಟೆಪ್ಸ್ ಸರಿ ಇದೆ, ಪಾಸು."

ಗೇಮಿನ ಕಥೆ ಸರಳವಾಗಿದೆ. ಭೂಮಿ ಹಾಳಾಗಿದೆ (ಅಲ್ಲಿಯವರೆಗೆ ಕಥೆಯಲ್ಲಿ ಕಲ್ಪನೆ ಏನೂ ಇಲ್ಲ). ನೀವೊಂದು ಹಡಗಿನ ಕ್ಯಾಪ್ಟನ್. ಗ್ರಹದಿಂದ ಗ್ರಹಕ್ಕೆ ಹೋಗಬೇಕು, ಅಡ್ಡ ಬಂದವರ ಜೊತೆ ಮಾತಾಡಬೇಕು ಅಥವಾ ಅವರಿಗೆ ಗುಂಡು ಹಾರಿಸಬೇಕು. ಸಹಾಯಕ್ಕೆ ಒಂದು ಹಳೆಯ ರೋಬೋ ಇರುತ್ತದೆ. ಸ್ವಲ್ಪ ದೂರ ಹೋದ ಮೇಲೆ ಇಂಜಿನ್ ಕೆಟ್ಟು ನಿಲ್ಲುತ್ತದೆ. ಅದಕ್ಕೆ ಬೇಕಾದ ಬಿಡಿಭಾಗ ಇರುವುದು ಆ ರೋಬೋದ ಎದೆಯೊಳಗೆ. ಅವನನ್ನು ಬಿಚ್ಚಿ ಹಾಕಿದರೆ ಇಂಜಿನ್ ಸರಿಯಾಗುತ್ತದೆ, ಅವನ ಜಾಗಕ್ಕೆ ಹಾರಾಡುವ ಹೊಸ ಡ್ರೋನ್ ಬರುತ್ತದೆ. ಆ ಆಯ್ಕೆಯ ಪಕ್ಕದಲ್ಲಿ ಹಳದಿ ಬಣ್ಣದಲ್ಲಿ ‘ರೆಕಮೆಂಡೆಡ್' ಎಂದಿರುತ್ತದೆ.

ನಾನು ಮೊದಲ ದಿನವೇ ಬಿಚ್ಚಿ ಹಾಕಿದೆ. ರೆಕಮೆಂಡ್ ಮಾಡಿದ ಮೇಲೆ ಯೋಚನೆ ಯಾಕೆ? ಯಾರು ಏನು ಮಾತಾಡಿದರೂ ಸ್ಕಿಪ್ ಒತ್ತುತ್ತಿದ್ದೆ, ಕಂಡದ್ದಕ್ಕೆಲ್ಲ ಗುಂಡು ಹಾರಿಸುತ್ತಿದ್ದೆ. ಒಂದೇ ವಾರದಲ್ಲಿ ಕೊನೆಯ ಯುದ್ಧದ ಬಾಗಿಲಿಗೆ ಹೋಗಿ ನಿಂತೆ.

ಅಪ್ಪ? ಅಪ್ಪ ಇನ್ನೂ ಮೊದಲ ಬಾಹ್ಯಾಕಾಶ ನಿಲ್ದಾಣದ ಗೋಡೆಯ ಮೇಲಿನ ನೋಟಿಸುಗಳನ್ನು ಓದುತ್ತಿದ್ದರು.

"ಅಪ್ಪಾ, ಅವೆಲ್ಲ ಬರೀ ಡೆಕೋರೇಶನ್."

"ಬರ್ದಿದ್ದಾರೆ ಅಂದ್ಮೇಲೆ ಓದ್ಬೇಕು ಕಣೇ. ನಾಳೆ ಪ್ರಶ್ನೆ ಬಂದ್ರೆ?"

ಗುಂಡು ಹಾರಿಸುವುದಂತೂ ದೂರದ ಮಾತು. ಮೂರು ತಲೆಯ ಪ್ರಾಣಿಯೊಂದು ದಾರಿಗೆ ಅಡ್ಡ ಮಲಗಿದರೆ ಅಪ್ಪ ಇಡೀ ಬೆಟ್ಟ ಸುತ್ತು ಹಾಕಿ ಆಚೆ ಹೋಗುತ್ತಿದ್ದರು. "ಪಾಪ, ಅದೇನ್ ಮಾಡ್ತು ನಂಗೆ?" ಆ್ಯಕ್ಷನ್ ಗೇಮನ್ನು ಆ್ಯಕ್ಷನ್ ಇಲ್ಲದೆ ಆಡಿದ ಏಕೈಕ ವ್ಯಕ್ತಿ ನಮ್ಮಪ್ಪ ಇರಬೇಕು.

ರೋಬೋಗೆ ಹೆಸರಿಡಿ ಎಂದು ಗೇಮ್ ಕೇಳಿದಾಗ, ಕ್ಯಾಂಪಿನಲ್ಲಿ ಬಂಡಲ್ ಹೊತ್ತು ತರುತ್ತಿದ್ದ ಅಟೆಂಡರ್ ಹೆಸರು ಬರೆದರು. ಅಲ್ಲಿಂದ ಮುಂದೆ ನಮ್ಮ ಹಾಲ್‌ನಲ್ಲಿ ಅಂತರಿಕ್ಷದ ಗಂಭೀರ ಸಂಗೀತದ ನಡುವೆ ‘ಪುಟ್ಟಸ್ವಾಮಿ ಈಸ್ ವೇಟಿಂಗ್ ಫಾರ್ ಯುವರ್ ಆರ್ಡರ್ಸ್' ಎಂಬ ಅಕ್ಷರಗಳು ಓಡತೊಡಗಿದವು. ಇಂಜಿನ್ ಕೆಟ್ಟಾಗ ಬಿಚ್ಚುವ ಆಯ್ಕೆ ಅವರಿಗೂ ಬಂತು. ಅಪ್ಪ ಒಪ್ಪಲಿಲ್ಲ. ಯಾವುದೋ ಗೋಡೆಯ ನೋಟಿಸಿನಲ್ಲಿ, ಹಿಂದಿನ ಗ್ರಹಗಳಲ್ಲಿ ಬಿದ್ದಿರುವ ಹಾಳು ಹಡಗುಗಳಲ್ಲೂ ಆ ಬಿಡಿಭಾಗದ ತುಂಡುಗಳು ಸಿಗುತ್ತವೆ ಎಂದು ಬರೆದಿತ್ತಂತೆ. ಹಾಗೆ ಸಿಗುತ್ತದೆ ಎಂದು ಗೇಮಿನಲ್ಲಿ ಬೇರೆ ಯಾರೂ ಹೇಳುವುದಿಲ್ಲ. ಕೆಟ್ಟ ಇಂಜಿನ್ನಿನಲ್ಲೇ ಕುಂಟುತ್ತಾ ಹಿಂದೆ ಹೋಗಿ, ಒಂದೊಂದೇ ತುಂಡು ಹೆಕ್ಕುತ್ತಿದ್ದರು. ಪುಟ್ಟಸ್ವಾಮಿ ಕಾಲೆಳೆಯುತ್ತಾ ಹಿಂದೆ ಬರುತ್ತಿದ್ದ. ಊಟಕ್ಕೆ ಕರೆದರೆ, "ಇರು, ಅವನಿನ್ನೂ ಮೆಟ್ಲು ಹತ್ತಿಲ್ಲ" ಎನ್ನುತ್ತಿದ್ದರು.

ಸಂಜೆಗಳು ಉದ್ದವಾಗಿದ್ದ ಮನುಷ್ಯನಿಗೆ ಒಂದು ಕೆಲಸ ಸಿಕ್ಕಿತ್ತು. ನನಗೆ ಅದನ್ನು ನೋಡಿ ಖುಷಿಯಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಇಷ್ಟೆಲ್ಲ ನಡೆದದ್ದು ಅಪ್ಪನ ಹಸಿರು ಕುರ್ಚಿಯ ಮೇಲೆ. ಕಬ್ಬಿಣದ ಚೌಕಟ್ಟಿಗೆ ಪ್ಲಾಸ್ಟಿಕ್ ವೈರ್ ಹೆಣೆದ ಹಳೆಯ ಕುರ್ಚಿ. ವೈರ್ ಕಿತ್ತುಹೋದಾಗಲೆಲ್ಲ ಅವರೇ ಹೊಸ ವೈರ್ ತಂದು ಹೆಣೆಯುತ್ತಾರೆ, ಹಾಗಾಗಿ ಅದೀಗ ಅರ್ಧ ಹಸಿರು, ಅರ್ಧ ಹಳದಿ. ಕೂತರೆ ಕಿರ್ ಎನ್ನುತ್ತದೆ, ಎದ್ದರೆ ಇನ್ನೂ ಜೋರಾಗಿ ಕಿರ್ ಎನ್ನುತ್ತದೆ. ದಿವಾನದ ಮೇಲೆ ಕೂತು ಆಡಿ ಆಡಿ ನನ್ನ ಸೊಂಟ ಹಿಡಿದುಕೊಂಡಿತ್ತು, ಒಂದು ಸೋಫಾ ಆರ್ಡರ್ ಮಾಡಿದೆ. ‘ಎಕ್ಸ್‌ಚೇಂಜ್‌ಗೆ ಹಳೆಯ ಕುರ್ಚಿ ಇದೆಯೇ?' ಎಂದು ಆ್ಯಪ್ ಕೇಳಿತು. ಇದೆ ಎಂದು ಟಿಕ್ ಮಾಡಿದೆ. ಅಪ್ಪನಿಗೆ ಹೇಳಲಿಲ್ಲ. (ಸರ್‌ಪ್ರೈಸ್ ಕೊಡೋಣ ಅಂದುಕೊಂಡಿದ್ದೆ.)

ಭಾನುವಾರ ಶಿವಲೀಲಾ ಊಟಕ್ಕೆ ಬಂದಳು. ಮೂವರು ಮೌಲ್ಯಮಾಪಕರೂ ಹುಳಿ ಅನ್ನದ ಮುಂದೆ ಸಭೆ ಸೇರಿದೆವು.

ಲ್ಯಾಪ್‌ಟಾಪಿನದು ನನ್ನ ವರದಿ. ನೆಟ್ ಇಲ್ಲದಿದ್ದರೆ ಗೇಮ್ ಓಪನ್ನೇ ಆಗುವುದಿಲ್ಲ. ಓಪನ್ ಆದರೆ ಲ್ಯಾಪ್‌ಟಾಪ್ ಎಷ್ಟು ಕಾಯುತ್ತದೆ ಎಂದರೆ ಮೇಲೆ ದೋಸೆ ಹುಯ್ಯಬಹುದು. ಫ್ಯಾನಿನ ಸದ್ದಿಗೆ ಪಕ್ಕದ ಮನೆಯವರು ಹಿಟ್ಟು ರುಬ್ಬುತ್ತಿದ್ದೀರಾ ಎಂದು ಕೇಳಿದ್ದರು. ಗುಂಡು ಹಾರಿಸುವುದು ಮಾತ್ರ ಮೌಸಿನಲ್ಲೇ ಸುಲಭ.

ಅಪ್ಪನ ವರದಿ: "ಟೀವಿನಲ್ಲಿ ಚಿತ್ರ ಸಖತ್ತಾಗಿದೆ. ಶನಿಗ್ರಹದ ಉಂಗುರ ನೋಡ್ಬೇಕು ನೀವು. ಆದ್ರೆ ಅಕ್ಷರ ಯಾರಿಗ್ ಬರ್ದಿದ್ದಾರೆ, ಇರುವೆಗಾ? ಅರ್ಧ ಮಾರ್ಕ್ಸ್ ಕಟ್."

ಶಿವಲೀಲಾ ಬೆರಳು ನೆಕ್ಕುತ್ತಾ ಹೇಳಿದಳು, "ಫೋನಿನ್ಯಾಗ ಭಾಳ ತ್ರಾಸ್ ಐತ್ರಿ ಅಕ್ಕಾರ. ಹೆಬ್ಬಟ್ಟಿನ ಕೆಳಗ ವೈರಿ ನಿಂತಿರ್ತಾನ, ಕಾಣಂಗೇ ಇಲ್ಲ. ನಾನು ಸತ್ತ ಮ್ಯಾಲೆ ಗೊತ್ತಾಗ್ತೈತಿ ಇಲ್ಲೊಬ್ಬವ ಇದ್ದ ಅಂತ." ಇನ್ನೊಂದು ದೂರೂ ಇತ್ತು. ನೆಟ್ ಆನ್ ಇಟ್ಟುಕೊಂಡು ಗೇಮ್ ಓಪನ್ ಮಾಡಿದರೆ, ನಮ್ಮ ಲಾಗಿನ್‌ನಲ್ಲಿ ಯಾವ ಹೊಸ ಆಟ ಇದೆಯೋ ಅದು ಕೇಳದೆ ಹೇಳದೆ ಬಂದು ಫೋನಿನ ಹಳೆಯ ಆಟದ ಮೇಲೆ ಕೂತುಬಿಡುತ್ತದಂತೆ.

ಅವಳಿಗೆ ಮೊದಲಿನಿಂದ ಆಡಲು ಪುರಸೊತ್ತಿರಲಿಲ್ಲ. "ಮಾಸ್ತರ, ನಿಮ್ಮ ಹಡಗನ್ನ ನನ್ನ ಫೋನಿಗೆ ತಗೋತೀನ್ರಿ. ಪುಟ್ಟಸ್ವಾಮಿನ್ನ ಬಿಟಿಎಂ ತೋರ್ಸಿ ಬರ್ತೀನಿ" ಎಂದು ಅಪ್ಪನ ಆಟದ ಒಂದು ಕಾಪಿಯನ್ನು ಫೋನಿಗೆ ಹಾಕಿಕೊಂಡು ಹೋದಳು. ಈ ವಿಷಯ ನೆನಪಿಟ್ಟುಕೊಳ್ಳಿ.

ಈಗ ಬುಧವಾರ. ರಿವ್ಯೂ ಮರುದಿನ ಕೊಡಬೇಕು. ಒಂದು ಮೆಷಿನ್ನಿನ ಆಟವನ್ನು ಇನ್ನೊಂದರಲ್ಲಿ ಮುಂದುವರಿಸಬಹುದು ಎಂದು ಕಂಪನಿಯವರು ಎದೆ ತಟ್ಟಿಕೊಂಡಿದ್ದರು, ಲ್ಯಾಪ್‌ಟಾಪಿನಿಂದ ಟೀವಿಗೆ ಅದನ್ನು ಪರೀಕ್ಷಿಸುವುದೊಂದು ಬಾಕಿ ಇತ್ತು. ಅಪ್ಪ ತರಕಾರಿಗೆ ಹೋಗಿದ್ದರು. ಲ್ಯಾಪ್‌ಟಾಪಿನಿಂದ ನನ್ನ ಆಟವನ್ನು ಕಳಿಸಿ, ಟೀವಿ ಹಾಕಿದೆ. ಪರದೆಯ ಮೇಲೆ ಉದ್ದದೊಂದು ಇಂಗ್ಲಿಷ್ ಪ್ಯಾರಾ ಬಂತು. ಕೆಳಗೆ ಹಳದಿ ಬಣ್ಣದ ಓಕೆ.

ಒತ್ತಿದೆ.

ನೀವಾಗಿದ್ದರೆ ಓದುತ್ತಿದ್ದಿರಾ? ಎದೆ ಮುಟ್ಟಿಕೊಂಡು ಹೇಳಿ. ನಾವು ಮಾರ್ಕೆಟ್ಟಿಗೆ ಹೋದರೆ ಬೆಂಡೆಕಾಯಿಯ ಒಂದೊಂದು ತುದಿಯನ್ನೂ ಮುರಿದು ನೋಡುವ ಜನ. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇವೆ. ಮಾವಿನಹಣ್ಣನ್ನು ಮೂಸುತ್ತೇವೆ. ಅದೇ ನಾವು ಫೋನಿನಲ್ಲಿ ‘ನಾನು ಎಲ್ಲವನ್ನೂ ಓದಿ ಒಪ್ಪಿದ್ದೇನೆ' ಎಂಬುದನ್ನು ಓದದೇ ಒಪ್ಪುತ್ತೇವೆ. ನನ್ನ ಕಾಂಟ್ಯಾಕ್ಟು, ಫೋಟೋ, ಮನೆ ಎಲ್ಲಿದೆ ಎಂಬುದು, ಎಲ್ಲವೂ ನಿಮಗೇ ಇರಲಿ, ಬೇಗ ಓಪನ್ ಆಗು ಮಾರಾಯ. ಬೆಂಡೆಕಾಯಿಗೆ ಸಿಗುವ ಮರ್ಯಾದೆ ನಮ್ಮ ಸಹಿಗೆ ಸಿಗುವುದಿಲ್ಲ.

ಅಪ್ಪ ಬಂದರು. ಚೀಲ ಇಟ್ಟರು, ಕೈಕಾಲು ತೊಳೆದರು, ಕುರ್ಚಿ ಕಿರ್ ಎಂದಿತು.

"ಇದೇನೇ ಇದು, ನೊಣದ ಥರ ಹಾರಾಡ್ತಿದೆ? ಪುಟ್ಟಸ್ವಾಮಿ ಎಲ್ಲಿ?"

ನಾನು ಅಡುಗೆಮನೆಯಿಂದ ಬಂದು ನೋಡಿದೆ. ಟೀವಿಯಲ್ಲಿದ್ದದ್ದು ನನ್ನ ಹಡಗು, ನನ್ನ ಡ್ರೋನ್.

"ಏನೋ ಒಂದು ಬಂತು ಅಪ್ಪಾ. ಓಕೆ ಅಂದೆ."

"ಏನ್ ಬರ್ದಿತ್ತು?"

"ಗೊತ್ತಿಲ್ಲ."

ಅಪ್ಪ ಬೈಯಲಿಲ್ಲ. ಬೈದಿದ್ದರೆ ಜಗಳವಾಡಬಹುದಿತ್ತು, ಅದು ಬರೀ ಗೇಮ್ ಅಪ್ಪಾ ಎನ್ನಬಹುದಿತ್ತು. ಅವರು ಟೀವಿ ಆಫ್ ಮಾಡಿ ಬೀನ್ಸ್ ನಾರು ತೆಗೆಯಲು ಕೂತರು. ಮಧ್ಯಾಹ್ನ ಊಟ ಮಾಡಿದರು. ಸಾರಿಗೆ ಮಾರ್ಕ್ಸ್ ಬರಲಿಲ್ಲ. ಪಲ್ಯಕ್ಕೂ ಬರಲಿಲ್ಲ. ಕೈ ತೊಳೆದು ಎದ್ದು ಹೋದರು. ನನಗೆ ಅಳು ಬರುವುದೊಂದು ಬಾಕಿ.

ಪಾತ್ರೆ ತೊಳೆಯುವಾಗ ಶಿವಲೀಲಾ ನೆನಪಾದಳು. ಅವಳ ಫೋನಿನಲ್ಲಿ ಭಾನುವಾರದ ಪುಟ್ಟಸ್ವಾಮಿ ಇನ್ನೂ ಇದ್ದಾನೆ! ಆದರೆ ಅವಳು ನೆಟ್ ಆನ್ ಇಟ್ಟು ಗೇಮ್ ಓಪನ್ ಮಾಡಿದರೆ ಮುಗಿಯಿತು, ನನ್ನ ಡ್ರೋನ್ ಹೋಗಿ ಅವನ ಮೇಲೆ ಕೂರುತ್ತದೆ. ಫೋನ್ ಮಾಡಿದೆ, ಎತ್ತಲಿಲ್ಲ. ಎತ್ತುವುದು ಹೇಗೆ? ಬಿಟಿಎಂನಲ್ಲೇ ಇರುವ ಅವಳ ಆಫೀಸಿನಲ್ಲಿ ಕೆಲಸ ಮುಗಿಯುವವರೆಗೂ ಫೋನು ಲಾಕರಿನಲ್ಲಿ ಇಡಬೇಕು. ಮೆಸೇಜ್ ಹಾಕಿದೆ. ಆದರೆ ಸಂಜೆ ಫೋನ್ ಕೈಗೆ ಬಂದರೆ ಅವಳು ಮೊದಲು ಒತ್ತುವುದು ಮೆಸೇಜ್ ಅಲ್ಲ, ಗೇಮ್.

"ಅಪ್ಪಾ, ಚಪ್ಪಲಿ ಹಾಕ್ಕೊಳಿ. ಬಿಟಿಎಂಗೆ ಹೋಗೋಣ."

ಅಪ್ಪ ಯಾಕೆ ಎಂದು ಕೇಳಿದರು. ಹೇಳಿದೆ. ಷರಟು ಬದಲಿಸದೆ ಅವರು ಮನೆ ಬಿಟ್ಟದ್ದನ್ನು ನಾನು ಅದೇ ಮೊದಲು ನೋಡಿದ್ದು.

ತಿಲಕ್ ನಗರದ ಹತ್ತಿರ ಟ್ರಾಫಿಕ್ಕು ಅಂಟು ಹಾಕಿದ ಹಾಗೆ ನಿಂತಿತ್ತು. ಅಪ್ಪ ಸೀಟಿನ ತುದಿಗೆ ಬಂದು ಮುಂದಿನ ಕಂಬಿ ಹಿಡಿದುಕೊಂಡು ಕೂತಿದ್ದರು. ಆಟೋದವರು ಕನ್ನಡಿಯಲ್ಲಿ ನೋಡಿದರು.

"ಎಮರ್ಜೆನ್ಸಿನಾ ಸಾರ್?"

"ನಮ್ಮ ಹುಡುಗ ಒಬ್ಬ ಸಿಕ್ಕಾಕ್ಕೊಂಡಿದ್ದಾನಪ್ಪ."

"ಅಯ್ಯೋ, ಮೊದ್ಲೇ ಹೇಳ್ಬಾರ್ದಾ!" ಆಟೋ ಒಂದು ಅಡ್ಡರಸ್ತೆಗೆ ನುಗ್ಗಿತು, ಮತ್ತೊಂದರಿಂದ ಹೊರಬಂತು. "ಯಾವ ಆಸ್ಪತ್ರೆ ಸಾರ್?"

"ಆಸ್ಪತ್ರೆ ಅಲ್ಲಪ್ಪ. ಮೊಬೈಲಲ್ಲಿ."

ಆಟೋದವರು ಕನ್ನಡಿಯನ್ನು ಬೇರೆ ಕಡೆ ತಿರುಗಿಸಿದರು. ವೇಗ ಮಾತ್ರ ಕಡಿಮೆ ಮಾಡಲಿಲ್ಲ, ಅವರಿಗೆ ಪುಣ್ಯ ಬರಲಿ.

ನಾವು ಇಳಿಯುವುದಕ್ಕೂ ಆಫೀಸಿನ ಗೇಟಿನಿಂದ ಜನ ಹೊರಬರುವುದಕ್ಕೂ ಸರಿಹೋಯಿತು. ಎಲ್ಲರ ಕೈಯಲ್ಲೂ ಫೋನು, ಎಲ್ಲರ ತಲೆಯೂ ಕೆಳಗೆ. ಅವರ ನಡುವೆ ನಮ್ಮ ಶಿವಲೀಲಾ ಹೆಬ್ಬೆರಳನ್ನು ಪರದೆಯ ಕಡೆ ತರುತ್ತಿದ್ದಳು.

"ಶಿವಲೀಲಾ! ಕೈ ತೆಗಿ!"

ಹೈಸ್ಕೂಲಿನ ಕೊನೆಯ ಬೆಂಚಿಗೆ ಕೇಳುವ ದನಿ ಅದು. ಶಿವಲೀಲಾ ಕೈ ತೆಗೆದಳು. ಗೇಟಿನಲ್ಲಿದ್ದ ಉಳಿದವರೂ ಕೈ ತೆಗೆದರು. ಸೆಕ್ಯೂರಿಟಿಯವರು ಎದ್ದು ನಿಂತರು.

ವಿಷಯ ತಿಳಿದ ಕೂಡಲೇ ಅವಳು ನೆಟ್ ಆಫ್ ಮಾಡಿದಳು. ಆಮೇಲೆ ಗೇಮ್ ಓಪನ್ ಮಾಡಿದಳು. ಅಂಗೈಯಗಲದ ಪರದೆಯಲ್ಲಿ ಹಳೆಯ ಹಡಗು ಮೂಡಿತು. ಮೂಲೆಯಲ್ಲಿ ಒಂದು ಕಣ್ಣು ಮಿಣುಕಿತು.

"ಇದಾನೆ, ಇದಾನೆ" ಎಂದರು ಅಪ್ಪ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಓಪನ್ ಆಗೋ ಹೊತ್ತಿನ್ಯಾಗ ಅಷ್ಟ ನೆಟ್ ನೋಡ್ತೈತ್ರಿ. ಇನ್ನ ಆನ್ ಮಾಡಿದ್ರ ಏನೂ ಆಗಂಗಿಲ್ಲ" ಎಂದಳು ಶಿವಲೀಲಾ. "ಈ ಆಟಾನ ಎಲ್ಲಾ ಕಡೆ ಇರ್ಲಿ ಅಂತ ಇಲ್ಲಿಂದ ಕಳಸಬೇಕು. ಆದ್ರ ಅಕ್ಕಾರ..." ನನ್ನ ಮುಖ ನೋಡಿದಳು. "ನಿಮ್ದು ಪೂರ್ತಿ ಹೋಗ್ತೈತ್ರಿ."

ನನ್ನದು. ಒಂದು ವಾರದ ಸೊಂಟನೋವು, ಗೆದ್ದ ಯುದ್ಧಗಳು, ಕೊನೆಯ ಬಾಗಿಲು. ಕ್ಲೈಮ್ಯಾಕ್ಸ್ ನೋಡದೆ ರಿವ್ಯೂ ಬರೆಯುವುದು ಹೇಗೆ? ಪರದೆಯ ಮೇಲೆ ಮತ್ತೆ ಅದೇ ಉದ್ದದ ಪ್ಯಾರಾ ಬಂತು. ಈ ಸಲ ಫೋನು ಅಪ್ಪನ ಕೈಯಲ್ಲಿತ್ತು.

ಅಪ್ಪ ಫುಟ್‌ಪಾತ್ ಮೇಲೆ ನಿಂತು ಅದನ್ನು ಮೊದಲ ಅಕ್ಷರದಿಂದ ಕೊನೆಯ ಫುಲ್‌ಸ್ಟಾಪ್‌ವರೆಗೆ ಗಟ್ಟಿಯಾಗಿ ಓದಿದರು. ಹಿಂದೆ ಆಫೀಸಿನ ಹುಡುಗರು ನಿಂತು ಕೇಳುತ್ತಿದ್ದರು. ಅದರಲ್ಲಿ ಎಲ್ಲವೂ ಸ್ಪಷ್ಟವಾಗಿಯೇ ಬರೆದಿತ್ತು. ಇರುವ ಆಟ ಅಳಿಸಿಹೋಗುತ್ತದೆ, ಮತ್ತೆ ವಾಪಸ್ ಬರುವುದಿಲ್ಲ, ಯೋಚಿಸಿ ಒತ್ತಿ. ಬೆಳಿಗ್ಗೆ ಟೀವಿಯಲ್ಲೂ ಇದನ್ನೇ ಬರೆದಿದ್ದರು.

ಓದಿ ಮುಗಿಸಿ ನನ್ನ ಕಡೆ ತಿರುಗಿದರು.

"ನಿಂದು ಹೋಗತ್ತೆ ಕಣಮ್ಮ. ಒತ್ಲಾ?"

ಬೆಳಿಗ್ಗೆ ನಾನು ಕೇಳಿರಲಿಲ್ಲ. ಅಪ್ಪ ಕೇಳುತ್ತಿದ್ದಾರೆ. ಬೇಡ ಎಂದಿದ್ದರೆ ಒತ್ತುತ್ತಿರಲಿಲ್ಲ, ಅದು ನನಗೆ ಗೊತ್ತು. ಪುಟ್ಟಸ್ವಾಮಿಯನ್ನು ಅಲ್ಲೇ ಬಿಟ್ಟು ಸುಮ್ಮನೆ ಆಟೋ ಹತ್ತುತ್ತಿದ್ದರು. ಆ ಜನಜಂಗುಳಿಯ ನಡುವೆ ನನಗೆ ಬಹಳ ನಾಚಿಕೆಯಾಯಿತು.

"ಒತ್ತಿ ಅಪ್ಪಾ."

ಒತ್ತಿದರು. ಸುತ್ತ ನಿಂತವರಲ್ಲಿ ಯಾರೋ ಚಪ್ಪಾಳೆ ತಟ್ಟಿದರು, ಯಾಕೆಂದು ಅವರಿಗೆ ಗೊತ್ತಿದ್ದ ಹಾಗಿರಲಿಲ್ಲ. ಮೂವರೂ ಹೋಗಿ ಕಾಫಿ ಕುಡಿದೆವು. ಭಾನುವಾರದ ನಂತರ ಕಷ್ಟಪಟ್ಟು ಹೆಕ್ಕಿದ್ದ ತುಂಡುಗಳು ಹೋದವಲ್ಲ ಎಂದು ನಾನು ಪೇಚಾಡಿದರೆ ಅಪ್ಪ, "ಹೋಗ್ಲಿ ಬಿಡು, ದಾರಿ ಗೊತ್ತಿದೆ" ಎಂದರು. ಕಾಫಿಗೆ ಡಿಕಾಕ್ಷನ್ ಕಮ್ಮಿ ಎಂದು ಅರ್ಧ ಮಾರ್ಕ್ಸ್ ಕಟ್ ಮಾಡಿದರು. ನನ್ನ ಜೀವ ವಾಪಸ್ ಬಂತು.

ಮರುದಿನ ರಿವ್ಯೂ ಕೊಟ್ಟೆ. ಕೊನೆಯ ಯುದ್ಧ ನೋಡಿಲ್ಲ ಎಂದು ಪ್ರಾಮಾಣಿಕವಾಗಿ ಬರೆದೆ. ಲ್ಯಾಪ್‌ಟಾಪ್ ಅವಸರದವರಿಗೆ, ಮೊಬೈಲ್ ಸಣ್ಣ ಹೆಬ್ಬೆರಳಿನವರಿಗೆ, ಟೀವಿ ಓದುವವರಿಗೆ ಎಂದು ತೀರ್ಪು ಕೊಟ್ಟೆ. ಸಂಪಾದಕರು ಫೋನ್ ಮಾಡಿ, "ಮೇಡಂ, ಯುವಕರು ಓದುವುದಿಲ್ಲವಲ್ಲ, ಎಷ್ಟು ಸ್ಟಾರ್ ಅಂತ ಮಾತ್ರ ಹಾಕಿಬಿಡೋಣವೇ?" ಎಂದರು.

ಇನ್ನೇನು ಎಲ್ಲ ಸರಿಹೋಯಿತು ಎಂದುಕೊಂಡಿದ್ದೆ. ಶನಿವಾರ ಬೆಳಿಗ್ಗೆ ಬೆಲ್ಲಾಯಿತು. ಬಾಗಿಲಲ್ಲಿ ಇಬ್ಬರು, ಅವರ ಹಿಂದೆ ಪ್ಲಾಸ್ಟಿಕ್ ಸುತ್ತಿದ ಸೋಫಾ. ನಾನು ಅದನ್ನು ಮರೆತೇಬಿಟ್ಟಿದ್ದೆ.

ಸೋಫಾ ಒಳಗೆ ಬಂತು. ಒಬ್ಬಾತ ಹಣೆಯ ಬೆವರು ಒರೆಸಿಕೊಂಡು ಹಾಲ್ ಪೂರ್ತಿ ಒಮ್ಮೆ ಕಣ್ಣಾಡಿಸಿದ. ಟೀವಿಯಲ್ಲಿ ಪುಟ್ಟಸ್ವಾಮಿ ಕಾಲೆಳೆಯುತ್ತಾ ಮೆಟ್ಟಿಲು ಹತ್ತುತ್ತಿದ್ದ. ಅಪ್ಪ ಹಸಿರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಅವನಿಗಾಗಿ ಕಾಯುತ್ತಿದ್ದರು.

"ಮೇಡಂ, ಎಕ್ಸ್‌ಚೇಂಜ್‌ಗೆ ಹಳೇ ಚೇರ್ ಅಂತ ಟಿಕ್ ಮಾಡಿದೀರ. ಇದೇ ತಾನೇ, ತಗೊಂಡ್ ಹೋಗ್ಲಾ?"

ನಾನು ಬಾಯಿ ತೆರೆದೆ. ಅಪ್ಪ ಟೀವಿಯಿಂದ ಕಣ್ಣು ಕೀಳದೆ ಹೇಳಿದರು:

"ಅವಳನ್ನ ಕೇಳ್ಬೇಡಪ್ಪ, ಅವಳು ಓದ್ದೇನೇ ಒತ್ತಿಬಿಡ್ತಾಳೆ."